ಫ್ರಾನ್ಸಿಸ್ ಡೇ: ನೀಲಗಿರಿಯ ಮೀನುಗಳಿಗೆ ಹೆಸರಿಟ್ಟವರು

ಉದಕಮಂಡಲದ ಪರಿಸರದಲ್ಲಿ ಬೆಳೆದವರಿಗೆ ಟ್ರೌಟ್ ಮೀನಿನ ಹೆಸರು ಹೊಸದಲ್ಲ. ಅವಲಾಂಚಿಯ ಮೀನುಮರಿ ಕೇಂದ್ರವನ್ನು ಶಾಲಾ ಪ್ರವಾಸದಲ್ಲಿ ಕಂಡವರೂ ನಮ್ಮಲ್ಲಿ ಇದ್ದಾರೆ. ಆದರೆ ಆ ಮೀನನ್ನು ಈ ಬೆಟ್ಟಕ್ಕೆ ತರಲು ಯತ್ನಿಸಿದ ಮೊದಲಿಗರಲ್ಲಿ ಒಬ್ಬರಾದ ವೈದ್ಯರು ಆ ಕೆಲಸದಲ್ಲಿ ಸೋತರೆಂಬುದೂ, ಅದೇ ದಶಕದಲ್ಲಿ ಇಲ್ಲಿನ ಹಳ್ಳಗಳ ಸ್ವಂತ ಮೀನುಗಳನ್ನು ಅಳೆದು, ವರ್ಣಿಸಿ, ಹೆಸರಿಟ್ಟರೆಂಬುದೂ ಅಷ್ಟಾಗಿ ತಿಳಿದ ಸಂಗತಿಯಲ್ಲ.

ಫ್ರಾನ್ಸಿಸ್ ಡೇ ಹುಟ್ಟಿದ್ದು 1829ರ ಮಾರ್ಚ್ 2ರಂದು, ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಮೇರ್ಸ್‌ಫೀಲ್ಡಿನಲ್ಲಿ. ವೈದ್ಯಶಿಕ್ಷಣ ಮುಗಿಸಿ 1852ರಲ್ಲಿ ಮದರಾಸು ಸೇನೆಯ ಸಹಾಯಕ ಶಸ್ತ್ರವೈದ್ಯರಾಗಿ ಭಾರತಕ್ಕೆ ಬಂದರು. ಎರಡನೆಯ ಬರ್ಮಾ ಯುದ್ಧದಲ್ಲಿ ಸೇವೆ ಸಲ್ಲಿಸಿದರು. ಮುಂದೆ ಕೊಚ್ಚಿಯಲ್ಲಿದ್ದಾಗ ಆ ನಾಡಿನ ಚರಿತ್ರೆಯನ್ನೂ ಜನಜೀವನವನ್ನೂ ಕುರಿತು ಒಂದು ಗ್ರಂಥವನ್ನು 1863ರಲ್ಲಿ ಪ್ರಕಟಿಸಿದರು. ಎರಡು ವರ್ಷಗಳಲ್ಲಿ ಮಲಬಾರಿನ ಮೀನುಗಳನ್ನು ಕುರಿತ ಗ್ರಂಥ ಹೊರಬಂದಿತು. ವೃತ್ತಿಯಿಂದ ವೈದ್ಯರಾದವರು ಪ್ರವೃತ್ತಿಯಿಂದ ಮತ್ಸ್ಯಶಾಸ್ತ್ರಜ್ಞರಾದುದು ಹೀಗೆ.

ನೀಲಗಿರಿಯ ಮೇಲ್ಭಾಗದ ಹೊಳೆಗಳಲ್ಲಿ ಮೀನಿನ ಜಾತಿಗಳು ಕಡಿಮೆ, ಇರುವವೂ ಸಣ್ಣವು. ಪೈಕಾರದಂಥ ಜಲಪಾತಗಳನ್ನು ಏರಿ ತಗ್ಗಿನ ದೊಡ್ಡ ಮೀನು ಬರಲಾರದು. ಬೇಸಗೆಗೆ ಬೆಟ್ಟವೇರುತ್ತಿದ್ದ ಆಂಗ್ಲರಿಗೆ ಈ ತಣ್ಣೀರು ತಮ್ಮ ನಾಡಿನ ಟ್ರೌಟನ್ನು ನೆನಪಿಗೆ ತಂದುದರಲ್ಲಿ ಆಶ್ಚರ್ಯವಿಲ್ಲ. 1860ರ ದಶಕದಲ್ಲಿ ಡೇ ಅವರು ಅದನ್ನು ಇಲ್ಲಿ ನೆಲೆಗೊಳಿಸಲು ಮುಂದಾದರು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಮೆಟ್ಟುಪಾಳ್ಯದಿಂದ ಕೂನೂರಿಗೆ ರೈಲು ಬಂದದ್ದು 1899ರಲ್ಲಿ. ಸ್ವಲ್ಪ ಬೆಚ್ಚಗಾದರೂ ಕೆಟ್ಟುಹೋಗುವ ಮೊಟ್ಟೆಗಳಿಗೆ ಉಷ್ಣವಲಯದ ಕಡಲನ್ನೂ ಮದರಾಸಿನ ಬಿಸಿಲನ್ನೂ ದಾಟಿ, ಘಟ್ಟವನ್ನೇರಿ ಬರುವುದು ಎಂಥ ಕಷ್ಟವೆಂಬುದನ್ನು ಊಹಿಸಬಹುದು. ಪ್ರಯತ್ನ ಫಲಿಸಲಿಲ್ಲ.

ಫಲಿಸಿದ್ದು ಬೇರೊಂದು ಕೆಲಸ. ನೀಲಗಿರಿ ಬೆಟ್ಟಗಳ ಹಾಗೂ ಅವುಗಳ ಬುಡದ ನದಿಗಳ ಮೀನುಗಳನ್ನು ಕುರಿತು 1867ರಲ್ಲಿ ಅವರು ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ನಡಾವಳಿಯಲ್ಲಿ ದೀರ್ಘ ಪ್ರಬಂಧವೊಂದನ್ನು ಪ್ರಕಟಿಸಿದರು. ಭವಾನಿ ನದಿಯ ಒಂದು ಗೆಂಡೆಜಾತಿಯ ಮೀನು ವಿಜ್ಞಾನಕ್ಕೆ ಪರಿಚಯವಾದದ್ದು ಅದರಲ್ಲಿ. ಬೆಟ್ಟದ ಮೇಲಿನ ಬೆರಳುದ್ದದ ಮೀನೊಂದಕ್ಕೆ ಅವರು ಈ ಗಿರಿಯ ಹೆಸರನ್ನೇ ಇಟ್ಟರು. ಇಂದು ಅದು ಡೆವೇರಿಯೊ ನೀಲ್‌ಗೆರಿಯೆನ್ಸಿಸ್ ಎಂದು ಪ್ರಸಿದ್ಧ. ಗಾಳಕ್ಕೆ ಯೋಗ್ಯವಲ್ಲವೆಂದು ಬೇಟೆಗಾರರು ಕಡೆಗಣಿಸಬಹುದಾದ ಇಂಥ ಮೀನಿನ ರೆಕ್ಕೆಯ ಕಡ್ಡಿಗಳನ್ನೂ ಪಕ್ಕದ ಹುರುಪೆಗಳನ್ನೂ ಎಣಿಸುತ್ತ ಕುಳಿತ ತಾಳ್ಮೆಯೇ ಡೇ ಅವರ ನಿಜವಾದ ಹಿರಿಮೆಯೆಂದು ನನಗೆ ತೋರುತ್ತದೆ.

ಮುಂದೆ ಅವರು ಭಾರತದ ಮೀನುಗಾರಿಕೆಯ ಪ್ರಧಾನ ನಿರೀಕ್ಷಕರಾದರು. 1873ರಲ್ಲಿ ಸಿಹಿನೀರಿನ ಮೀನುಗಾರಿಕೆಯನ್ನೂ ಕಡಲ ಮೀನುಗಾರಿಕೆಯನ್ನೂ ಕುರಿತು ಪ್ರತ್ಯೇಕ ವರದಿಗಳು ಬಂದವು. ಮರಿಗಳನ್ನೂ ಬಿಡದ ಸಣ್ಣ ಕಣ್ಣಿನ ಬಲೆ, ನೀರಿಗೆ ವಿಷ ಬೆರೆಸುವ ಪದ್ಧತಿ, ಮೀನು ಮೇಲೇರಲು ದಾರಿಯಿಲ್ಲದ ಅಣೆಕಟ್ಟು ಇವುಗಳನ್ನು ಅವರು ಕಟುವಾಗಿ ಖಂಡಿಸಿದರು. ಹೊಳೆಯನ್ನೇ ನಂಬಿದ ಬಡವರ ಊಟದ ಪ್ರಶ್ನೆ ಅವರ ವಾದದಲ್ಲಿ ಸ್ವಲ್ಪ ಹಿಂದೆ ಸರಿಯಿತೆಂದು ಇಂದಿನ ಓದುಗನಿಗೆ ಅನಿಸಿದರೆ ತಪ್ಪಲ್ಲ. ಆದರೆ ಉಪ್ಪಿನ ಸುಂಕದ ಭಾರದಿಂದ ಕರಾವಳಿಯ ಬೆಸ್ತರು ಮೀನನ್ನು ಸರಿಯಾಗಿ ಉಪ್ಪು ಹಾಕಿ ಒಣಗಿಸಲಾಗದೆ ಕೆಡಿಸಿಕೊಳ್ಳುತ್ತಿದ್ದುದನ್ನು ಸರ್ಕಾರದ ಮುಂದಿಟ್ಟವರೂ ಅವರೇ. ವಿಷವನ್ನೂ ಸಿಡಿಮದ್ದನ್ನೂ ನಿಷೇಧಿಸಿದ ಭಾರತೀಯ ಮೀನುಗಾರಿಕೆ ಕಾಯಿದೆ ಅವರ ಕಾಲಾನಂತರ, 1897ರಲ್ಲಿ ಜಾರಿಗೆ ಬಂದಿತು.

ಇವೆಲ್ಲದರ ನಡುವೆ ಅವರ ಮನೆಯ ಬದುಕು ಸುಖಕರವಾಗಿರಲಿಲ್ಲ. ಮೊದಲ ಪತ್ನಿ 1869ರಲ್ಲಿ ತೀರಿಕೊಂಡರು. 1872ರಲ್ಲಿ ಮರುಮದುವೆಯಾದ ಪತ್ನಿ ಮರುವರ್ಷವೇ ಇಲ್ಲವಾದರು. ಅವರ ಮಹಾಕೃತಿಯಾದ ಭಾರತದ ಮೀನುಗಳು ಎಂಬ ಗ್ರಂಥ 1875ರಿಂದ 1878ರವರೆಗೆ ಭಾಗಭಾಗವಾಗಿ, 190ಕ್ಕೂ ಹೆಚ್ಚು ಚಿತ್ರಫಲಕಗಳೊಡನೆ ಪ್ರಕಟವಾಯಿತು. ಲ್ಯಾಟಿನ್ ಹೆಸರಿನ ಜೊತೆಗೆ ತಮಿಳು, ಮಲೆಯಾಳ, ಕನ್ನಡ ಮೊದಲಾದ ಭಾಷೆಗಳ ರೂಢಿಯ ಹೆಸರುಗಳನ್ನೂ ಅವರು ದಾಖಲಿಸಿದರು. ಕನ್ನಡದ ಬೆಸ್ತರ ಮಾತು ಆ ಭಾರಿ ಸಂಪುಟಗಳ ಮೂಲೆಯಲ್ಲಿ ಹೀಗೆ ಉಳಿದುಕೊಂಡಿದೆ.

1877ರಲ್ಲಿ ನಿವೃತ್ತರಾಗಿ ಅವರು ಚೆಲ್ಟನ್‌ಹ್ಯಾಮಿನಲ್ಲಿ ನೆಲೆಸಿದರು. ಬ್ರಿಟಿಷ್ ಮ್ಯೂಸಿಯಮ್ಮಿನ ಮತ್ಸ್ಯತಜ್ಞ ಆಲ್ಬರ್ಟ್ ಗುಂಥರ್ ಅವರೊಡನೆ ಅವರಿಗಿದ್ದ ವೈಮನಸ್ಯ ವಿದ್ವತ್‌ವಲಯದಲ್ಲಿ ಗುಟ್ಟಾಗಿರಲಿಲ್ಲ. ಭಾರತದಲ್ಲಿ ಕೂಡಿಟ್ಟ ಮೀನಿನ ಮಾದರಿಗಳ ದೊಡ್ಡ ಪಾಲನ್ನು ಅವರು ಲಂಡನ್ನಿಗೆ ಕೊಡದೆ ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಮ್ಮಿಗೆ ಮಾರಿದರು. ಇದರಿಂದಾಗಿ ನಮ್ಮ ನದಿಗಳ ಮೀನುಗಳನ್ನು ಮೂಲ ಮಾದರಿಯೊಡನೆ ಹೋಲಿಸಬಯಸುವವರು ಇಂದಿಗೂ ಸಿಡ್ನಿಯತ್ತ ನೋಡಬೇಕಾಗಿದೆ. 1400ಕ್ಕೂ ಹೆಚ್ಚು ಜಾತಿಗಳನ್ನು ವರ್ಣಿಸುವ ಎರಡು ಸಂಪುಟಗಳನ್ನು ಬ್ರಿಟಿಷ್ ಇಂಡಿಯಾದ ಪ್ರಾಣಿಸಂಕುಲ ಮಾಲೆಗಾಗಿ ಪೂರೈಸಿದ ವರ್ಷವೇ, 1889ರ ಜುಲೈ 10ರಂದು, ಅವರು ನಿಧನರಾದರು.

ಅವರ ವರ್ಗೀಕರಣದಲ್ಲಿ ಸುಂದರಲಾಲ್ ಹೋರಾ ಮೊದಲಾದವರು ಬಹಳಷ್ಟನ್ನು ತಿದ್ದಿದ್ದಾರೆ. ಆದರೂ ದಕ್ಷಿಣ ಭಾರತದ ಯಾವುದೇ ಹೊಳೆಯ ಮೀನುಗಳನ್ನು ಪಟ್ಟಿಮಾಡುವವರು ಮೊದಲು ಬಿಚ್ಚುವುದು ಡೇ ಅವರ ಸಂಪುಟಗಳನ್ನೇ. ಇತ್ತ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಚ್. ಸಿ. ವಿಲ್ಸನ್ ಅವರು ಅವಲಾಂಚಿಯಲ್ಲಿ ಮಳೆಬಿಲ್ಲು ಟ್ರೌಟನ್ನು ನೆಲೆಗೊಳಿಸಿ ಡೇ ಅವರ ಹಳೆಯ ಆಸೆಯನ್ನು ಈಡೇರಿಸಿದರು. 1939ರಲ್ಲಿ ಸಿಲೋನಿನಿಂದ ಕಾರ್ಪ್ ಮೀನೂ ಬಂದಿತು. ಡೇ ಅವರು ಹೆಸರಿಟ್ಟ ನೀಲಗಿರಿಯ ಆ ಪುಟ್ಟ ಮೀನು ಇಂದು ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅಪಾಯದಂಚಿನ ಜಾತಿಗಳ ಸಾಲಿನಲ್ಲಿದೆ. ಅದಕ್ಕೆ ಒದಗಿರುವ ಕಂಟಕಗಳಲ್ಲಿ ಕೆಟ್ಟ ನೀರಿನ ಜೊತೆಗೆ ಹೊರಗಿನಿಂದ ತಂದುಬಿಟ್ಟ ಮೀನುಗಳೂ ಸೇರಿವೆ.