43ನೇ ವಯಸ್ಸಿಗೆ ಕೆಲಸ ಕಳೆದುಕೊಂಡ ಮ್ಯಾಕಿಯವೆಲ್ಲಿ

ಕಳೆದ ತಿಂಗಳು ನನ್ನ ಹಳೇ ಟೀಮ್ ಲೀಡ್ ಫೋನ್ ಮಾಡಿದ್ರು. ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದಾಗ ನನಗೆ ಕೆಲಸ ಕಲಿಸಿದವರು ಅವರೇ. ನಾನು 3 ವರ್ಷಕ್ಕೆ ಆ ಕೆಲಸ ಬಿಟ್ಟು ಪತ್ರಿಕೋದ್ಯಮಕ್ಕೆ ಬಂದೆ. ಅವರು ಅಲ್ಲೇ 18 ವರ್ಷ ಉಳಿದರು. ಈಗ 44ನೇ ವಯಸ್ಸಿಗೆ, ಒಂದು ಬುಧವಾರ ಮಧ್ಯಾಹ್ನ, 15 ನಿಮಿಷದ ವಿಡಿಯೊ ಕಾಲ್‌ನಲ್ಲಿ ಎಚ್‌ಆರ್‌ನವರು ರಾಜೀನಾಮೆ ಕೊಡಿ ಅಂದರಂತೆ. ಸಂಜೆಯೊಳಗೆ ಲ್ಯಾಪ್‌ಟಾಪ್ ಲಾಕ್ ಆಗಿತ್ತು. ಮನೆಯಲ್ಲಿ ಹೆಂಡತಿಗೆ ಗೊತ್ತು, ಊರಲ್ಲಿರೋ ಅಪ್ಪನಿಗೆ ಇನ್ನೂ ಹೇಳಿಲ್ಲ. ನೀನು ದಾರಿ ಬದಲಿಸಿದ್ದು ಹೇಗೆ ಅಂತ ನನ್ನನ್ನು ಕೇಳಿದರು.

ನನ್ನ ಹತ್ರ ಉತ್ತರ ಇರಲಿಲ್ಲ. ನಾನು ಕೆಲಸ ಬಿಟ್ಟಿದ್ದು 25ರಲ್ಲಿ, ನನ್ನಿಷ್ಟಕ್ಕೆ, ಯಾವ ಸಾಲವೂ ಇಲ್ಲದೆ. ತಾನಾಗಿ ಬಿಡೋದೂ ಕಿತ್ತುಹಾಕಿಸಿಕೊಳ್ಳೋದೂ ಒಂದೇ ಅಲ್ಲ. ಇದಕ್ಕೆಲ್ಲ ಹೇಳೋಕೆ ಸಿದ್ಧ ಮಾತುಗಳಿವೆ, ನಿಮ್ಮ ಆಸಕ್ತಿ ಹುಡುಕಿಕೊಳ್ಳಿ, ಇದನ್ನೇ ಅವಕಾಶ ಮಾಡಿಕೊಳ್ಳಿ ಅಂತ. ಆ ಮಾತು ಬಾಯಿಗೆ ಬರಲಿಲ್ಲ. ಆವತ್ತು ರಾತ್ರಿ ನನಗೆ ನೆನಪಾದವನು 500 ವರ್ಷದ ಹಿಂದೆ ಇದೇ ವಯಸ್ಸಿನಲ್ಲಿ ಕೆಲಸ ಕಳೆದುಕೊಂಡ ಒಬ್ಬ ಸರ್ಕಾರಿ ನೌಕರ, ನಿಕೊಲೊ ಮ್ಯಾಕಿಯವೆಲ್ಲಿ.

ರಾಜಕೀಯ ಚರ್ಚೆಗಳಲ್ಲಿ ಈ ಹೆಸರನ್ನು ನಾವು ಬೈಗುಳದ ಹಾಗೆ ಬಳಸ್ತೀವಿ. ಪಕ್ಷ ಒಡೆಯೋ, ಶಾಸಕರನ್ನು ರೆಸಾರ್ಟಿಗೆ ಸಾಗಿಸೋ ನಾಯಕರನ್ನು ನಮ್ಮಲ್ಲಿ ಚಾಣಕ್ಯ ಅಂತಾರೆ, ಇಂಗ್ಲಿಷ್ ಪತ್ರಿಕೆಗಳು ಮ್ಯಾಕಿಯವೆಲ್ಲಿಯನ್ನು ಎಳೆದು ತರ್ತವೆ. ಆದರೆ ‘ದಿ ಪ್ರಿನ್ಸ್’ ಬರೆದಾಗ ಅವನ ಕೈಯಲ್ಲಿ ಯಾವ ಅಧಿಕಾರವೂ ಇರಲಿಲ್ಲ. ಅದು ನಿರುದ್ಯೋಗಿಯೊಬ್ಬ ಕೆಲಸಕ್ಕಾಗಿ ಬರೆದ ಪುಸ್ತಕ.

ಹುಟ್ಟಿದ್ದು 1469ರ ಮೇ 3ರಂದು, ಇಟಲಿಯ ಫ್ಲಾರೆನ್ಸ್‌ನಲ್ಲಿ. ಅಪ್ಪ ಬರ್ನಾರ್ಡೊ ಕಾನೂನು ಓದಿದವನು, ದುಡ್ಡು ಕಡಿಮೆ, ಸಾಲ ಇತ್ತು, ಪುಸ್ತಕದ ಹುಚ್ಚು ಮಾತ್ರ ಜೋರು. ರೋಮ್‌ನ ಇತಿಹಾಸ ಬರೆದ ಲಿವಿಯ ಗ್ರಂಥಕ್ಕೆ ಸ್ಥಳನಾಮಗಳ ಸೂಚಿ ತಯಾರಿಸಿಕೊಟ್ಟು, ಆ ದುಡಿಮೆಗೆ ಪ್ರತಿಯಾಗಿ ಅಚ್ಚಾದ ಪ್ರತಿಯನ್ನೇ ಪಡೆದವನು. ಈ ಲಿವಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರ್ತಾನೆ.

ಫ್ಲಾರೆನ್ಸ್ ಹೆಸರಿಗೆ ಗಣರಾಜ್ಯ, ಆಡಳಿತ ನಡೆಸುತ್ತಿದ್ದದ್ದು ಮೆಡಿಚಿ ಎಂಬ ಬ್ಯಾಂಕರ್ ಕುಟುಂಬ. 1494ರಲ್ಲಿ ಜನ ಆ ಕುಟುಂಬವನ್ನು ಓಡಿಸಿದರು. ಆಮೇಲೆ ನಗರವನ್ನು ತನ್ನ ಪ್ರವಚನದಿಂದಲೇ ಆಳಿದ ಸನ್ಯಾಸಿ ಸವೊನರೋಲನನ್ನು 1498ರ ಮೇನಲ್ಲಿ ನೇಣಿಗೆ ಹಾಕಿ ಸುಟ್ಟರು. ಮುಂದಿನ ತಿಂಗಳೇ, 29ನೇ ವಯಸ್ಸಿಗೆ, ಮ್ಯಾಕಿಯವೆಲ್ಲಿ ಗಣರಾಜ್ಯದ ಎರಡನೇ ಚಾನ್ಸರಿಯ ಮುಖ್ಯಸ್ಥನಾದ. ಚಾನ್ಸರಿ ಅಂದ್ರೆ ಇವತ್ತಿನ ಸಚಿವಾಲಯ ಅಂದ್ಕೊಳ್ಳಿ. ಕೆಲವೇ ದಿನಗಳಲ್ಲಿ ಯುದ್ಧ ಮತ್ತು ವಿದೇಶ ವ್ಯವಹಾರ ನೋಡಿಕೊಳ್ಳುವ ಹತ್ತು ಜನರ ಸಮಿತಿಯ ಕಾರ್ಯದರ್ಶಿ ಹುದ್ದೆಯೂ ಬಂತು.

ಮುಂದಿನ 14 ವರ್ಷ ಅವನು ಮಾಡಿದ್ದು ಬೆನ್ನು ಮುರಿಯೋ ಕೆಲಸ. ಕುದುರೆ ಮೇಲೆ ಫ್ರಾನ್ಸ್‌ಗೆ, ಜರ್ಮನ್ ಚಕ್ರವರ್ತಿಯ ಬಳಿಗೆ, ರೋಮ್‌ಗೆ. 1502ರ ಕೊನೆಯ ತಿಂಗಳುಗಳಲ್ಲಿ ಚೆಸಾರೆ ಬೋರ್ಜಾ ಎಂಬ ಸೇನಾನಿಯ ಜೊತೆಗಿದ್ದು, ಆತ ತನ್ನ ವಿರೋಧಿಗಳನ್ನು ನಂಬಿಸಿ ಕರೆಸಿ ಮುಗಿಸಿದ್ದನ್ನು ಹತ್ತಿರದಿಂದ ನೋಡಿದ. ಇಷ್ಟಾದರೂ ರಾಯಭಾರಿ ಎಂಬ ಪದವಿ ಅವನಿಗೆ ಸಿಗಲಿಲ್ಲ. ಅದೇನಿದ್ದರೂ ದೊಡ್ಡ ಮನೆತನದವರಿಗೆ. ಓಡಾಟ ಇವನದ್ದು, ಬಿರುದು ಅವರದ್ದು. ಆಫೀಸಿನಲ್ಲಿ ಕೆಲಸ ಮಾಡಿದ ಯಾರಿಗೂ ಇದನ್ನು ವಿವರಿಸಬೇಕಿಲ್ಲ.

ಎಂಜಿನಿಯರಿಂಗ್ ಓದಿದ ನನಗೆ ಇಷ್ಟವಾದ ಪ್ರಸಂಗ ಒಂದಿದೆ. ಶತ್ರು ನಗರ ಪೀಸಾವನ್ನು ಬಗ್ಗಿಸೋಕೆ ಅರ್ನೋ ನದಿಯನ್ನೇ ತಿರುಗಿಸಿಬಿಡೋಣ ಅಂತ ಫ್ಲಾರೆನ್ಸ್ ಹೊರಟಿತು. ಆ ಯೋಜನೆಯ ಹಿಂದೆ ಲಿಯೊನಾರ್ಡೊ ಡ ವಿಂಚಿಯ ಲೆಕ್ಕಾಚಾರ ಇತ್ತು, ಕಾಗದ ಪತ್ರ ಮ್ಯಾಕಿಯವೆಲ್ಲಿಯ ಕೈಯಲ್ಲಿತ್ತು. 1504ರಲ್ಲಿ ಕಾಲುವೆ ತೋಡಿದರು. ಬಿರುಗಾಳಿ ಮಳೆಗೆ ದಂಡೆ ಕುಸಿಯಿತು, ಯೋಜನೆ ಕೈಬಿಟ್ಟರು. ಸೋತ ಪ್ರಾಜೆಕ್ಟಿನಲ್ಲಿ ಅವನೂ ಇದ್ದ. ಆದರೆ ಸುಮ್ಮನಾಗಲಿಲ್ಲ. ಬಾಡಿಗೆ ಸೈನಿಕರನ್ನು ನಂಬಬಾರದು, ನಮ್ಮ ರೈತರಿಗೇ ತರಬೇತಿ ಕೊಡೋಣ ಅಂತ ಹಟ ಹಿಡಿದು ಪಡೆ ಕಟ್ಟಿದ. 1509ರಲ್ಲಿ ಪೀಸಾ ಕೊನೆಗೂ ಶರಣಾಯಿತು. ಅದು ಅವನ ವೃತ್ತಿಯ ಅತಿ ಎತ್ತರದ ದಿನ.

ಬಿದ್ದಿದ್ದು 3 ವರ್ಷಕ್ಕೆ. 1512ರ ಆಗಸ್ಟ್‌ನಲ್ಲಿ ಸ್ಪೇನ್‌ನ ಸೈನ್ಯ ಪಕ್ಕದ ಪ್ರಾಟೊ ಊರಿನ ಮೇಲೆ ನುಗ್ಗಿತು. ಮ್ಯಾಕಿಯವೆಲ್ಲಿ ಕಟ್ಟಿದ ಪಡೆ ಹೆದರಿ ಚದುರಿತು, ಊರು ಲೂಟಿಯಾಯಿತು, ಜನರ ಮಾರಣಹೋಮ ನಡೆಯಿತು. ಫ್ಲಾರೆನ್ಸ್‌ನ ಮುಖ್ಯಸ್ಥ ಸೊಡೆರಿನಿ ಓಡಿಹೋದ, ಮೆಡಿಚಿಗಳು ವಾಪಸ್ ಬಂದರು. ನವೆಂಬರ್ 7ರಂದು ಮ್ಯಾಕಿಯವೆಲ್ಲಿಯ ವಜಾ ಆದೇಶ ಹೊರಬಿತ್ತು. ಅವನ ಜೊತೆ ಹೋದದ್ದು ಸಹಾಯಕ ಮತ್ತು ಗೆಳೆಯ ಬಿಯಾಜೊ. ಮೊದಲ ಚಾನ್ಸರಿಯ ಮುಖ್ಯಸ್ಥ, ಇವನಿಗಿಂತ ಮೇಲಿನ ಅಧಿಕಾರಿ, ಅದೇ ಕುರ್ಚಿಯಲ್ಲಿ ಮುಂದುವರಿದ. ಅಂದ್ರೆ ಇದು ಇಡೀ ಕಚೇರಿಯ ಶುದ್ಧೀಕರಣ ಏನೂ ಅಲ್ಲ. ಸೊಡೆರಿನಿಗೆ ತುಂಬಾ ಹತ್ತಿರ ಇದ್ದವನು ಹೋದ, ಯಾರಿಗೂ ಅಷ್ಟು ಹತ್ತಿರ ಹೋಗದವನು ಉಳಿದ.

ಅಷ್ಟಕ್ಕೇ ಮುಗಿಯಲಿಲ್ಲ. ಒಂದು ವರ್ಷ ಫ್ಲಾರೆನ್ಸ್‌ನ ಗಡಿ ದಾಟಬಾರದು ಅಂತ ಆದೇಶ, ಅದಕ್ಕೆ 1,000 ಫ್ಲಾರಿನ್ ಜಾಮೀನು. 14 ವರ್ಷ ದುಡಿದ ಕಟ್ಟಡದೊಳಗೆ ಕಾಲಿಡುವಂತಿಲ್ಲ. 1513ರ ಫೆಬ್ರವರಿಯಲ್ಲಿ ಮೆಡಿಚಿಗಳ ವಿರುದ್ಧ ಸಂಚು ಮಾಡಿದ ಇಬ್ಬರು ಯುವಕರ ಹತ್ತಿರ ಹೆಸರುಗಳ ಒಂದು ಪಟ್ಟಿ ಸಿಕ್ಕಿತು. ಅದರಲ್ಲಿ ಇವನ ಹೆಸರೂ ಇತ್ತು. ಸಂಚಿನಲ್ಲಿ ಇದ್ದದ್ದಕ್ಕೆ ಸಾಕ್ಷಿ ಇರಲಿಲ್ಲ. ಆದರೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಹಗ್ಗದಿಂದ ಮೇಲೆತ್ತಿ, ತೋಳು ಕಿತ್ತುಬರುವಂತೆ ಕೆಳಕ್ಕೆ ಬಿಡುವ ಚಿತ್ರಹಿಂಸೆ ಕೊಟ್ಟರು. ಅವನು ಏನನ್ನೂ ಒಪ್ಪಿಕೊಳ್ಳಲಿಲ್ಲ. ಆ ಯುವಕರ ತಲೆ ಕಡಿದರು. ಮಾರ್ಚ್‌ನಲ್ಲಿ ಮೆಡಿಚಿ ಕುಟುಂಬದವನೇ ಪೋಪ್ ಆದಾಗ, ಆ ಸಂಭ್ರಮದ ಕ್ಷಮಾದಾನದಲ್ಲಿ ಹೊರಬಂದ.

ಬಂದಿದ್ದು ಊರಿಗೆ. ಫ್ಲಾರೆನ್ಸ್‌ನ ದಕ್ಷಿಣಕ್ಕೆ ಸಾಂತ್ ಆಂದ್ರೆಯಾ ಎಂಬ ಹಳ್ಳಿಯಲ್ಲಿ ಅಪ್ಪನ ಸಣ್ಣ ಜಮೀನಿತ್ತು. ಹೆಂಡತಿ ಮರಿಯೆತ್ತಾ, ಮಕ್ಕಳು, ಕಡಿಮೆ ಆದಾಯ. ರೋಮ್‌ನಲ್ಲಿ ರಾಯಭಾರಿಯಾಗಿದ್ದ ಗೆಳೆಯ ಫ್ರಾನ್ಚೆಸ್ಕೊ ವೆಟ್ಟೋರಿಗೆ ಪತ್ರದ ಮೇಲೆ ಪತ್ರ ಬರೆದ. ಒಂದರಲ್ಲಿ ತನಗೆ ರೇಷ್ಮೆಯ ವ್ಯಾಪಾರವೂ ಗೊತ್ತಿಲ್ಲ, ಉಣ್ಣೆಯದ್ದೂ ಗೊತ್ತಿಲ್ಲ, ಲಾಭ ನಷ್ಟದ ಲೆಕ್ಕವೂ ಬರಲ್ಲ, ರಾಜ್ಯದ ವಿಷಯ ಬಿಟ್ಟರೆ ಮಾತಾಡೋಕೆ ಬೇರೇನೂ ಇಲ್ಲ ಅಂತ ಹೇಳಿಕೊಂಡಿದ್ದಾನೆ. ನನ್ನ ಟೀಮ್ ಲೀಡ್ ಫೋನಿನಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಅವರಿಗೆ ಗೊತ್ತಿರೋದು ಒಂದು ಹಳೇ ಸಿಸ್ಟಮ್, ಅದರ ಮೂಲೆ ಮೂಲೆಯೂ ಗೊತ್ತು. ಆ ಸಿಸ್ಟಮ್ ಇರೋ ಕಡೆ ಈಗ ಅವರಿಗೆ ಪ್ರವೇಶ ಇಲ್ಲ.

1513ರ ಡಿಸೆಂಬರ್ 10ರ ಪತ್ರದಲ್ಲಿ ಅವನ ಒಂದು ದಿನದ ಪೂರ್ತಿ ವಿವರ ಇದೆ. ಬೆಳಿಗ್ಗೆ ತನ್ನ ಕಾಡಿಗೆ ಹೋಗಿ ಮರ ಕಡಿಯುವವರ ಜೊತೆ ಕಾಲ ಕಳೀತಾನೆ. ಸೌದೆ ಕೊಂಡವರ ಜೊತೆ ಲೆಕ್ಕದ ಜಗಳ. ನೀರಿನ ಬುಗ್ಗೆಯ ಹತ್ತಿರ ಕೂತು ಒಂದು ಕವಿತಾ ಪುಸ್ತಕ ಓದ್ತಾನೆ. ದಾರಿಬದಿಯ ಖಾನಾವಳಿಯಲ್ಲಿ ಹೋಗಿಬರುವವರಿಂದ ಸುದ್ದಿ ಕೇಳ್ತಾನೆ. ಮಧ್ಯಾಹ್ನ ಅಲ್ಲಿನ ಮಾಲೀಕ, ಕಟುಕ, ಹಿಟ್ಟಿನ ಗಿರಣಿಯವನ ಜೊತೆ ಇಸ್ಪೀಟು, ಪುಡಿಗಾಸಿಗೆ ಕಿತ್ತಾಟ, ಕೂಗಾಟ ಮುಂದಿನ ಊರಿಗೆ ಕೇಳಿಸೋ ಹಾಗೆ. ಸಂಜೆ ಮನೆಗೆ ಬಂದು, ಕೆಸರು ಮೆತ್ತಿದ ಬಟ್ಟೆ ಕಳಚಿ, ದರ್ಬಾರಿಗೆ ಹೋಗುವಾಗಿನ ಬಟ್ಟೆ ಹಾಕಿಕೊಂಡು ಓದುವ ಕೋಣೆಗೆ ಹೋಗ್ತಾನೆ. 4 ಗಂಟೆ ಹಳೆಯ ಗ್ರಂಥಕರ್ತರ ಜೊತೆ ಮಾತುಕತೆ, ನೀವು ಹಾಗೇಕೆ ಮಾಡಿದಿರಿ ಅಂತ ಅವರನ್ನೇ ಕೇಳಿದ ಹಾಗೆ. ಆ ಹೊತ್ತಲ್ಲಿ ಬಡತನದ ಭಯ ಇಲ್ಲ, ಸಾವಿನ ಭಯ ಇಲ್ಲ. ಈ ಮಾತುಕತೆಯಿಂದ ಒಂದು ಸಣ್ಣ ಪುಸ್ತಕ ಬರೆದಿದ್ದೇನೆ ಅಂತ ಪತ್ರದಲ್ಲಿ ತಿಳಿಸ್ತಾನೆ. ಅದೇ ‘ದಿ ಪ್ರಿನ್ಸ್’.

ಈ ಪತ್ರವನ್ನು ಉದ್ಧರಿಸುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸ್ತಾರೆ. ಕೆಲಸ ಹೋಯ್ತು, ಮಹಾಕೃತಿ ಬಂತು, ಶುಭಂ. ಆದರೆ ಅದೇ ಪತ್ರದಲ್ಲಿ ಮುಂದೆ ಇರೋದು ಬೇಡಿಕೆ. ಮೆಡಿಚಿಗಳು ತನಗೆ ಏನಾದರೂ ಕೆಲಸ ಕೊಡಲಿ, ಮೊದಲಿಗೆ ಕಲ್ಲು ಉರುಳಿಸೋ ಕೆಲಸವಾದರೂ ಸರಿ ಅನ್ನೋ ಅರ್ಥದಲ್ಲಿ ಬರೆದಿದ್ದಾನೆ. ತನ್ನ ತೋಳು ಕೀಳಿಸಿದ ಮನೆತನಕ್ಕೇ ಪುಸ್ತಕ ಅರ್ಪಿಸಿದ. ಯಾವ ಉತ್ತರವೂ ಬರಲಿಲ್ಲ. ಆ ಪುಸ್ತಕ ಅಚ್ಚಾಗಿದ್ದು 1532ರಲ್ಲಿ, ಅವನು ಸತ್ತು 5 ವರ್ಷಕ್ಕೆ. ರೆಸ್ಯೂಮೆ ಅಂತ ನೋಡಿದರೆ ಇದು ಪೂರ್ತಿ ಫೇಲ್.

ಅವನ ನಿಜವಾದ ಎರಡನೇ ಬದುಕು ಶುರುವಾಗಿದ್ದು ಉತ್ತರ ಬರಲ್ಲ ಅಂತ ಖಾತ್ರಿಯಾದ ಮೇಲೆ. ಫ್ಲಾರೆನ್ಸ್‌ನಲ್ಲಿ ರುಚೆಲ್ಲಾಯಿ ಮನೆತನದ ತೋಟದಲ್ಲಿ ಓದುವ ಹುಡುಗರ ಒಂದು ಗುಂಪು ಸೇರುತ್ತಿತ್ತು. ಅವನು ಅಲ್ಲಿಗೆ ಹೋಗತೊಡಗಿದ. ಅಲ್ಲಿ ಅವನ ಅನುಭವಕ್ಕೆ ಬೆಲೆ ಇತ್ತು, ಅವನ ಪ್ರಶ್ನೆಗಳಿಗೆ ಎದುರು ಪ್ರಶ್ನೆ ಇತ್ತು. ಅಪ್ಪ ದುಡಿದು ಮನೆಗೆ ತಂದ ಲಿವಿಯನ್ನೇ ಹಿಡಿದುಕೊಂಡು, ಗಣರಾಜ್ಯ ಹೇಗೆ ಬಾಳುತ್ತೆ, ಹೇಗೆ ಕೊಳೆಯುತ್ತೆ ಎಂಬ ಬಗ್ಗೆ ಬರೆದ ದೊಡ್ಡ ಗ್ರಂಥ ‘ಡಿಸ್ಕೋರ್ಸಸ್’. ಇದನ್ನು ಅರ್ಪಿಸಿದ್ದು ಯಾವ ದೊರೆಗೂ ಅಲ್ಲ, ಆ ತೋಟದ ಇಬ್ಬರು ಗೆಳೆಯರಿಗೆ. ಶ್ರೀಮಂತರೂ ಸಾಮಾನ್ಯ ಜನರೂ ಜಗಳಾಡಿದ್ದರಿಂದಲೇ ರೋಮ್‌ಗೆ ಸ್ವಾತಂತ್ರ್ಯ ಸಿಕ್ಕಿತು ಅನ್ನೋದು ಅದರ ದೊಡ್ಡ ವಾದಗಳಲ್ಲಿ ಒಂದು. ಪ್ರತಿಭಟನೆ ಮಾಡಿದವರನ್ನೆಲ್ಲ ದೇಶದ್ರೋಹಿ ಅನ್ನೋ ಕಾಲದಲ್ಲಿ ನಾವು ಓದಬೇಕಾದ ಮ್ಯಾಕಿಯವೆಲ್ಲಿ ಈತ.

ಜೊತೆಗೆ ನಾಟಕವನ್ನೂ ಬರೆದ. ‘ಮಂದ್ರಾಗೊಲ’ ಎಂಬ ಪೋಲಿ ಪ್ರಹಸನ ಜನರಿಗೆ ಹಿಡಿಸಿತು, ಪೋಪ್‌ನ ಆಸ್ಥಾನದವರೆಗೂ ಹೋಯಿತು. 1520ರಲ್ಲಿ ಮೆಡಿಚಿಗಳು ಕೊನೆಗೂ ಒಂದು ಕೆಲಸ ಕೊಟ್ಟರು, ಫ್ಲಾರೆನ್ಸ್‌ನ ಇತಿಹಾಸ ಬರೆಯೋದು. ಮರುವರ್ಷ ‘ಆರ್ಟ್ ಆಫ್ ವಾರ್’ ಅಚ್ಚಾಯಿತು. ಅದೇ ವರ್ಷ ಕಾರ್ಪಿ ಎಂಬ ಊರಿಗೆ ಹೊರಟ ಅವನಿಗೆ ಉಣ್ಣೆ ವರ್ತಕರ ಸಂಘದವರು ಉಪವಾಸದ ದಿನಗಳಿಗೆ ಅಲ್ಲಿಂದ ಒಬ್ಬ ಪ್ರವಚನಕಾರನನ್ನು ಹುಡುಕಿಕೊಡಿ ಅಂದರು. ಉಣ್ಣೆಯೂ ಗೊತ್ತಿಲ್ಲದ, ದೇವರ ಭಕ್ತಿಯೂ ಅಷ್ಟಕ್ಕಷ್ಟೇ ಇದ್ದ ಇವನಿಗೆ ಆ ಕೆಲಸ! ಗೆಳೆಯ ಗ್ವಿಚ್ಚಾರ್ದೀನಿ ಪತ್ರದಲ್ಲಿ ಗೇಲಿ ಮಾಡಿದ, ಇವನೂ ನಕ್ಕ. ಆದರೂ ಹೋಗಿದ್ದ. 1526ರಲ್ಲಿ ನಗರದ ಕೋಟೆ ಗೋಡೆಗಳನ್ನು ಭದ್ರಪಡಿಸುವ ಮಂಡಳಿಗೆ ಕಾರ್ಯದರ್ಶಿಯಾದ. ಮತ್ತೆ ಕುದುರೆ, ಮತ್ತೆ ವರದಿ.

ಮರುವರ್ಷ ಮೇನಲ್ಲಿ ಚಕ್ರವರ್ತಿಯ ಸೈನ್ಯ ರೋಮ್ ನಗರವನ್ನು ಲೂಟಿ ಮಾಡಿತು. ಆ ಆಘಾತದಲ್ಲಿ ಫ್ಲಾರೆನ್ಸ್ ಮೆಡಿಚಿಗಳನ್ನು ಮತ್ತೆ ಓಡಿಸಿ ಗಣರಾಜ್ಯವನ್ನು ವಾಪಸ್ ತಂದಿತು. ಅವನ ಗಣರಾಜ್ಯ! ಹಳೆಯ ಹುದ್ದೆ ಸಿಗುತ್ತೆ ಅಂತ ಆಸೆಪಟ್ಟ. ಆದರೆ ಈಗ ಅವನು ಮೆಡಿಚಿಗಳ ಹಣ ಪಡೆದವನು. ಹುದ್ದೆ ಬೇರೆಯವನಿಗೆ ಹೋಯಿತು. 1527ರ ಜೂನ್ 21ರಂದು, 58ನೇ ವಯಸ್ಸಿಗೆ ಮ್ಯಾಕಿಯವೆಲ್ಲಿ ತೀರಿಕೊಂಡ.

ಇದರಲ್ಲಿ ನನ್ನ ಟೀಮ್ ಲೀಡ್‌ಗೆ ಹೇಳೋಕೆ ಏನಿದೆ? ಪುಸ್ತಕ ಬರೀರಿ ಅಂತ ನಾನು ಹೇಳಲ್ಲ. ಮ್ಯಾಕಿಯವೆಲ್ಲಿಗೆ ಸೌದೆ ಮಾರೋಕೆ ಕಾಡಿತ್ತು, ಇವರಿಗಿರೋದು ಇಎಂಐ. ಮೆಡಿಚಿಗಳ ಬಾಗಿಲು ಬಡಿದದ್ದು ತಪ್ಪು ಅಂತಲೂ ಹೇಳೋಕೆ ನನಗೆ ಬಾಯಿ ಬರಲ್ಲ. ಮಕ್ಕಳಿರೋ ಮನುಷ್ಯ, ಬಾಗಿಲು ಬಡೀಲೇಬೇಕು. ಅದಕ್ಕೆ ಅವನು ತೆತ್ತ ಬೆಲೆ ಮಾತ್ರ ಸಣ್ಣದಲ್ಲ, ಕೊನೆಗೆ ಎರಡೂ ಕಡೆಯವರು ನಂಬಲಿಲ್ಲ.

ಆದರೆ ಒಂದು ವ್ಯತ್ಯಾಸ ನನ್ನನ್ನು ಕಾಡ್ತಿದೆ. ಫ್ಲಾರೆನ್ಸ್ ಅವನನ್ನು ತಾನೇ ತೆಗೆದುಹಾಕಿದ್ದೇನೆ ಅಂತ ಕಾಗದದಲ್ಲಿ ಬರೆದಿತ್ತು. ನಮ್ಮಲ್ಲಿ ತೆಗೆಯೋದೂ ಅವರೇ, ಸ್ವಂತ ಇಚ್ಛೆಯಿಂದ ಹೋಗ್ತಿದ್ದೇನೆ ಅಂತ ಸಹಿ ಹಾಕಿಸಿಕೊಳ್ಳೋದೂ ಅವರೇ. ನೌಕರಿಯ ಷರತ್ತುಗಳನ್ನು ಲಿಖಿತವಾಗಿ ನಿಗದಿಪಡಿಸುತ್ತಿದ್ದ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ವಲಯಕ್ಕೆ ಕರ್ನಾಟಕ ಸರ್ಕಾರ ವರ್ಷಗಟ್ಟಲೆ ವಿನಾಯಿತಿ ಕೊಡುತ್ತ ಬಂತು, 2024ರಲ್ಲಿ ಇನ್ನೂ 5 ವರ್ಷಕ್ಕೆ ವಿಸ್ತರಿಸಿತು. ಕೆಲಸ ಹೋಗೋದು ವೈಯಕ್ತಿಕ ದುರದೃಷ್ಟ, ಹೊಸ ದಾರಿ ಹುಡುಕೋದು ವೈಯಕ್ತಿಕ ಸಾಧನೆ ಅಂತ ನಮ್ಮನ್ನು ನಂಬಿಸಿರೋದರಲ್ಲಿ ಯಾರಿಗೆ ಲಾಭ ಅಂತ ಯೋಚಿಸಿ. ಅಧಿಕಾರ ಹೇಗೆ ಮಾತಾಡುತ್ತೆ ಅನ್ನೋದನ್ನಲ್ಲ, ಹೇಗೆ ನಡೆದುಕೊಳ್ಳುತ್ತೆ ಅನ್ನೋದನ್ನು ನೋಡಿ ಅಂತ ಕಲಿಸಿದ್ದು ಆ ಹಳ್ಳಿಯ ನಿರುದ್ಯೋಗಿಯೇ ತಾನೆ.

ಮೊನ್ನೆ ಮತ್ತೆ ಫೋನ್ ಮಾಡಿದೆ. ಅವರು ಇನ್ನೂ ರಾಜೀನಾಮೆಗೆ ಸಹಿ ಹಾಕಿಲ್ಲ. ಜೊತೆಗೆ ಕೆಲಸ ಹೋದ ಇನ್ನೂ 6 ಜನ ಪ್ರತಿ ಶನಿವಾರ ಒಬ್ಬರ ಮನೆಯಲ್ಲಿ ಸೇರ್ತಿದ್ದಾರಂತೆ, ಒಬ್ಬ ವಕೀಲರೂ ಬಂದಿದ್ದರಂತೆ. ಈ ಶನಿವಾರ ಅವರ ಮನೆಯ ಸರದಿ. ಬಾ, ಆದರೆ ಬುದ್ಧಿ ಹೇಳೋಕೆ ಬರಬೇಡ ಅಂದರು. ಹೋಗ್ತಿದ್ದೇನೆ.