ಉದ್ಯಾನಪ್ರಿಯ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್

ಭಾನುವಾರದ ಸಂಜೆ ಇಲ್ಲಿನ ಟ್ಯಾಂಕ್‌ಬಂಡಿನ ಮೇಲೆ ಗಾಳಿ ಸೇವಿಸುವ ಕನ್ನಡಿಗರಲ್ಲಿ ಎಷ್ಟು ಮಂದಿಗೆ ಆ ರಸ್ತೆಯ ಅಗಲಕ್ಕೂ ಮೈಸೂರಿಗೂ ಇರುವ ಸಂಬಂಧ ತಿಳಿದಿದೆಯೋ ನಾವರಿಯೆವು. ಹುಸೇನ್‌ಸಾಗರದ ಏರಿ 16ನೆಯ ಶತಮಾನದ್ದು. ಆದರೆ 1946ರಲ್ಲಿ ಅದನ್ನು ಅಗಲಗೊಳಿಸಿ, ಜನರು ನಡೆದಾಡುವಂತೆ ಮಾಡಿಸಿದವರು ಅಂದಿನ ಹೈದರಾಬಾದು ಸಂಸ್ಥಾನದ ಪ್ರಧಾನಮಂತ್ರಿಗಳಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ಲರು. ಅದಕ್ಕೆ ಮೊದಲು 1926ರಿಂದ 1941ರವರೆಗೆ ಮೈಸೂರಿನ ದಿವಾನಗಿರಿಯನ್ನು ನಿರ್ವಹಿಸಿ, ಕನ್ನಂಬಾಡಿ ಅಣೆಕಟ್ಟೆಯ ಬುಡದಲ್ಲಿ ಬೃಂದಾವನವನ್ನು ಎಬ್ಬಿಸಿದವರೂ ಅವರೇ.

ಮಿರ್ಜಾರವರ ತಾತ ಅಲಿ ಅಸ್ಕರ್ ಪರ್ಷಿಯಾ ದೇಶದ ಶಿರಾಜ್ ಪಟ್ಟಣದವರು. 19ನೆಯ ಶತಮಾನದ ಮೊದಲ ಭಾಗದಲ್ಲಿ ಕುದುರೆ ವ್ಯಾಪಾರಕ್ಕೆಂದು ಬೆಂಗಳೂರಿಗೆ ಬಂದು ಅಲ್ಲಿಯೇ ನೆಲೆನಿಂತರು. ಅವರ ಹೆಸರಿನ ರಸ್ತೆ ಇಂದಿಗೂ ಬೆಂಗಳೂರಿನಲ್ಲಿದೆ. ಪರಸ್ಥಳಕ್ಕೆ ಹೊಟ್ಟೆಪಾಡಿಗೆ ಬಂದು ಆ ಸ್ಥಳವನ್ನೇ ತಮ್ಮದನ್ನಾಗಿ ಮಾಡಿಕೊಂಡವರ ಕಥೆ ನಮ್ಮ ವಾಚಕರಿಗೆ ಹೊಸದೇನಲ್ಲ. ಶಿರಾಜ್ ಎಂಬುದು ಹಳೆಯ ಕಾಲದಿಂದಲೂ ಹೂದೋಟಗಳಿಗೂ ದ್ರಾಕ್ಷಿಗೂ ಹೆಸರಾದ ಊರು. ಮೊಮ್ಮಗನಿಗೆ ಉದ್ಯಾನಗಳಲ್ಲಿದ್ದ ಮೋಹ ರಕ್ತದಲ್ಲಿಯೇ ಬಂದಿತೆಂದು ಹೇಳುವುದು ಸುಲಭ. ಆದರೆ ಅದು ಬಂದದ್ದು ಬೆಂಗಳೂರಿನ ಲಾಲ್‌ಬಾಗಿನಿಂದಲೇ ಎಂದು ನಮ್ಮ ಅಭಿಪ್ರಾಯ.

ಅವರು 1883ನೆಯ ಅಕ್ಟೋಬರ್ 24ರಂದು ಬೆಂಗಳೂರಿನಲ್ಲಿ ಜನಿಸಿದರು. ಬಾಲ್ಯದಲ್ಲಿ ಮುಂದೆ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಗಳಾಗಿದ್ದರು. 1905ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದು, ಕೆಲಕಾಲ ಪೋಲೀಸು ಇಲಾಖೆಯಲ್ಲಿ ಕೆಲಸ ಮಾಡಿ, ಅನಂತರ ಮಹಾರಾಜರ ಕಾರ್ಯದರ್ಶಿಗಳಾಗಿ, 1926ರಲ್ಲಿ ದಿವಾನರಾದರು. ಮಂಡ್ಯದ ಸಕ್ಕರೆ ಕಾರ್ಖಾನೆ, ಭದ್ರಾವತಿಯ ಕಾಗದದ ಕಾರ್ಖಾನೆ ಮೊದಲಾದವುಗಳ ವಿಚಾರ ಬೇರೆಡೆಯಲ್ಲಿ ಬೇಕಾದಷ್ಟು ಬರೆಯಲ್ಪಟ್ಟಿದೆ, ಇಲ್ಲಿ ವಿಸ್ತರಿಸುವುದಿಲ್ಲ.

ಮುಂಜಾನೆ ಕುದುರೆಯೇರಿ ಊರು ಸುತ್ತುವುದು ದಿವಾನರ ರೂಢಿ. ಚರಂಡಿ ಕಟ್ಟಿದೆಯೇ, ಉದ್ಯಾನದ ಬೇಲಿ ಮುರಿದಿದೆಯೇ, ಸಾಲುಮರಕ್ಕೆ ನೀರು ಹಾಕಿದ್ದಾರೆಯೇ ಎಂಬುದನ್ನೆಲ್ಲ ಸ್ವತಃ ಕಣ್ಣಾರೆ ಕಂಡುಬರುತ್ತಿದ್ದರು. ದಿವಾನರ ಸವಾರಿ ಯಾವ ಬೀದಿಗೆ ಬರುವುದೋ ಎಂಬ ಅಂಜಿಕೆಯಿಂದಲೇ ಎಷ್ಟೋ ಬೀದಿಗಳು ಶುಭ್ರವಾಗಿದ್ದಿರಬೇಕು. ಹೋಟೆಲಿನ ಯಜಮಾನನು ಗಲ್ಲಾಪೆಟ್ಟಿಗೆ ಬಿಟ್ಟು ಅಡಿಗೆಮನೆಗೆ ಒಮ್ಮೆ ಇಣುಕಿದರೆ ಏನು ಪರಿಣಾಮವಾಗುವುದೆಂಬುದು ನಮಗೆ ತಿಳಿದ ವಿಷಯವೇ. ಅವರ ದೃಷ್ಟಿಯಲ್ಲಿ ಉದ್ಯಾನವೆಂಬುದು ಅಲಂಕಾರವಲ್ಲ. ಕೊಳಾಯಿ ನೀರು, ದೀಪಗಳಂತೆ ಸರ್ಕಾರವು ಪ್ರಜೆಗೆ ಒದಗಿಸಬೇಕಾದ ಸಾಮಗ್ರಿ.

ಕನ್ನಂಬಾಡಿ ಕಟ್ಟೆಯ ಕೆಳಗಣ ತಗ್ಗಿನಲ್ಲಿ 1927ರಲ್ಲಿ ಕೆಲಸ ಆರಂಭವಾಗಿ 1932ರ ವೇಳೆಗೆ ಸುಮಾರು 60 ಎಕರೆಗಳ ಮೆಟ್ಟಿಲು ಮೆಟ್ಟಿಲಾದ ಉದ್ಯಾನ ಸಿದ್ಧವಾಯಿತು. ಕಾಶ್ಮೀರದ ಶಾಲಿಮಾರ್ ತೋಟ ಅದಕ್ಕೆ ಮಾದರಿ. ಗಿಡ, ಹುಲ್ಲು, ನೀರಿನ ಕಾಲುವೆಗಳ ವಿನ್ಯಾಸದಲ್ಲಿ ದಿವಾನರಿಗೆ ಬಲಗೈಯಾಗಿದ್ದವರು ಜರ್ಮನಿಯ ಕ್ರುಂಬಿಗಲ್ಲರು. ಇವರು ಬರೋಡೆಯಲ್ಲಿ ತೋಟಗಳನ್ನು ಮಾಡಿ, 1908ರಲ್ಲಿ ಬೆಂಗಳೂರಿಗೆ ಬಂದು, ಲಾಲ್‌ಬಾಗನ್ನು ಬೆಳೆಸಿ, 1956ರಲ್ಲಿ ಬೆಂಗಳೂರಿನಲ್ಲಿಯೇ ಕಾಲವಾದರು. ಬೃಂದಾವನದ ಕಾರಂಜಿಗಳಿಗೆ ಬಣ್ಣದ ವಿದ್ಯುದ್ದೀಪ ಹಾಕಿಸಿದಾಗ, ಬಡರಾಜ್ಯಕ್ಕೆ ಈ ಆಡಂಬರವೇಕೆಂದು ಆಕ್ಷೇಪಿಸಿದವರು ಇಲ್ಲದಿರಲಿಲ್ಲ. ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾರೆವು. ಆದರೆ ಅರಮನೆಯ ತೋಟಕ್ಕೆ ಅದೇ ಹಣ ವ್ಯಯವಾಗಿದ್ದರೆ ಯಾರೂ ಕೇಳುತ್ತಿರಲಿಲ್ಲವೆಂಬುದೂ ಸತ್ಯ. ಮಂಡ್ಯದ ರೈತನೂ ಮೈಸೂರಿನ ಗುಮಾಸ್ತನೂ ಹೆಂಡಿರು ಮಕ್ಕಳೊಡನೆ ಹೋಗಿ ಹುಲ್ಲಿನ ಮೇಲೆ ಕುಳಿತು ಬುತ್ತಿ ಬಿಚ್ಚುವ ಸ್ಥಳವಾಯಿತು ಅದು.

ಬೆಂಗಳೂರಿಗೆ ಸುಮಾರು 60 ಕಿಲೋಮೀಟರು ದೂರದಲ್ಲಿ, ಸಮುದ್ರಮಟ್ಟದಿಂದ 1,478 ಮೀಟರು ಎತ್ತರದ ನಂದಿಬೆಟ್ಟವೂ ಅವರ ಆಡಳಿತದಲ್ಲಿದ್ದ ವಿಹಾರಧಾಮ. ಕೆಳಗೆ ಭೋಗನಂದೀಶ್ವರ, ಮೇಲೆ ಯೋಗನಂದೀಶ್ವರ. ನಡುವೆ ಟಿಪ್ಪುವಿನ ಕೋಟೆ. ಅಲಿ ಅಸ್ಕರರ ಸ್ನೇಹಿತರಾಗಿದ್ದ ಕಮಿಷನರ್ ಕಬ್ಬನ್ನರ ಬಂಗಲೆಯೂ ಅಲ್ಲಿಯೇ ಇದೆ. 1927ರಲ್ಲಿ ಅಸ್ವಸ್ಥರಾಗಿದ್ದ ಮಹಾತ್ಮಾ ಗಾಂಧಿಯವರು ಈ ಬೆಟ್ಟದ ಮೇಲೆ ವಿಶ್ರಾಂತಿ ಪಡೆದು ಚೇತರಿಸಿಕೊಂಡರು. 1936ರಲ್ಲಿ ಪುನಃ ಬಂದರು. ಎರಡು ಸಲವೂ ದಿವಾನರು ಮಿರ್ಜಾರವರೇ. ಬೆಟ್ಟದ ಸುತ್ತಲ ಚಿಕ್ಕಬಳ್ಳಾಪುರ, ದೇವನಹಳ್ಳಿ, ದೊಡ್ಡಬಳ್ಳಾಪುರಗಳ ನೆಲ ದ್ರಾಕ್ಷಿಯ ನೆಲ. ದಪ್ಪ ಸಿಪ್ಪೆಯ, ಕಪ್ಪುನೀಲಿ ಬಣ್ಣದ ಬೆಂಗಳೂರು ನೀಲಿ ದ್ರಾಕ್ಷಿ ಅಲ್ಲಿಯದು. ಹೋಟೆಲಿನಲ್ಲಿ ದ್ರಾಕ್ಷಿರಸ ಹಿಂಡಿದವರಿಗೆ ಅದರ ಪರಿಚಯವಿರಲೇಬೇಕು. 1980ರ ದಶಕದ ಕೊನೆಯಿಂದ ಈಚೆಗೆ ಫ್ರೆಂಚ್ ಬಳ್ಳಿಗಳನ್ನು ನೆಟ್ಟು ವೈನು ತೆಗೆಯುವ ತೋಟಗಳೂ ಅಲ್ಲಿ ಎದ್ದಿವೆ. 2007ರಲ್ಲಿ ಕರ್ನಾಟಕ ಸರ್ಕಾರವು ಅದಕ್ಕೊಂದು ನೀತಿಯನ್ನೂ ರೂಪಿಸಿತು. ಆ ಬಳ್ಳಿಗಳಲ್ಲೊಂದರ ಹೆಸರು ಶಿರಾಜ್! ಹುಟ್ಟಿನಿಂದ ಅದು ಫ್ರಾನ್ಸಿನದೇ, ಹೆಸರು ಮಾತ್ರ ಪರ್ಷಿಯಾದ್ದು. ಆದರೂ ಶಿರಾಜಿನವರ ಮೊಮ್ಮಗ ಆಳಿದ ನಾಡಿನಲ್ಲಿ ಆ ಹೆಸರಿನ ಬಳ್ಳಿ ಹಬ್ಬಿರುವುದು ವಿನೋದದ ಸಂಗತಿ. ವೈನಿನ ಮಾತು ಅದನ್ನು ಬಯಸುವವರಿಗಿರಲಿ. ಬೆಟ್ಟದ ಮೇಲಿನ ಮುಂಜಾವಿನ ಮಂಜಿಗೆ ಬೆಲೆ ಕೊಡಬೇಕಾಗಿಲ್ಲ.

ಇದೇ ಸೀಮೆಯಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಮರೆಮಾಚಿದರೆ ಚರಿತ್ರೆಗೆ ಅನ್ಯಾಯವಾಗುವುದು. 1938ನೆಯ ಏಪ್ರಿಲ್ 25ರಂದು ಗೌರಿಬಿದನೂರಿನ ಸಮೀಪದ ವಿದುರಾಶ್ವತ್ಥದಲ್ಲಿ ಕಾಂಗ್ರೆಸ್ಸಿನ ಧ್ವಜವನ್ನೇರಿಸಲು ಸೇರಿದ್ದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಬಹಳ ಅಂತರ. ಜನರು ಹುಲ್ಲಿನ ಮೇಲೆ ಕೂಡಲೆಂದು ತೋಟ ಮಾಡಿಸಿದ ದಿವಾನರ ಆಳ್ವಿಕೆಯಲ್ಲಿ, ಒಂದು ಧ್ವಜದಡಿ ಕೂಡಿದ ಜನರಿಗೆ ಗುಂಡು ಬಿದ್ದಿತು. ಬಳಿಕ ಸರ್ದಾರ್ ಪಟೇಲರೊಡನೆ ಮಾತುಕತೆ ನಡೆದು, ಕಾಂಗ್ರೆಸ್ ಧ್ವಜಕ್ಕೆ ಸಂಸ್ಥಾನದ ಧ್ವಜದೊಡನೆ ಸ್ಥಾನ ದೊರೆಯಿತು. ಆದರೆ ಹೋದ ಪ್ರಾಣಗಳು ಮರಳಲಿಲ್ಲ. ಮಿರ್ಜಾರವರ ಜೀವನದಲ್ಲಿ ಬೃಂದಾವನವನ್ನು ಎಣಿಸುವವರು ವಿದುರಾಶ್ವತ್ಥವನ್ನೂ ಎಣಿಸತಕ್ಕದ್ದು.

1940ರಲ್ಲಿ ನಾಲ್ವಡಿಯವರು ದಿವಂಗತರಾದರು. ಮರುವರ್ಷ ಮಿರ್ಜಾರವರು ದಿವಾನಗಿರಿಯನ್ನು ತ್ಯಜಿಸಿದರು. 1942ರಿಂದ 1946ರವರೆಗೆ ಜಯಪುರದಲ್ಲಿ ಪ್ರಧಾನಮಂತ್ರಿಗಳಾಗಿದ್ದರು; ಆ ನಗರದ ವಿಶಾಲವಾದ ರಾಜಬೀದಿಗೆ ಅವರದೇ ಹೆಸರು. 1946ರ ಆಗಸ್ಟಿನಲ್ಲಿ ಇಲ್ಲಿಗೆ ಬಂದರು. ಆಗ ಕಲಬುರ್ಗಿ, ರಾಯಚೂರು, ಬೀದರುಗಳು ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಅವರು ಪುನಃ ಲಕ್ಷಾಂತರ ಕನ್ನಡಿಗರಿಗೆ ಮಂತ್ರಿಗಳಾದಂತಾಯಿತು. ಇತ್ತೆಹಾದ್ ಪಕ್ಷದವರಿಗೆ ಈ ನೇಮಕ ಮೊದಲಿನಿಂದಲೂ ಹಿಡಿಸಲಿಲ್ಲ. ಭಾರತದೊಡನೆ ಸ್ನೇಹದಿಂದ ಬಾಳುವುದೇ ಸಂಸ್ಥಾನಕ್ಕೆ ಕ್ಷೇಮವೆಂದು ನಂಬಿದ್ದ ಮಂತ್ರಿಯ ಮಾತು ನಡೆಯುವ ಕಾಲವೂ ಅದಾಗಿರಲಿಲ್ಲ. 1947ರ ಮೇ ತಿಂಗಳಲ್ಲಿ ರಾಜೀನಾಮೆಯಿತ್ತು ಹೊರಟುಹೋದರು. ಮುಂದೆ ಏನಾಯಿತೆಂಬುದನ್ನು ಈ ನಗರದ ಹಿರಿಯರು ಬಲ್ಲರು.

ಹತ್ತು ತಿಂಗಳುಗೂ ಕಡಿಮೆಯ ಆ ಅವಧಿಯಲ್ಲಿ ಅಗಲವಾದ ಏರಿ ಇಂದಿಗೂ ಉಪಯೋಗಕ್ಕೆ ಬರುತ್ತಿದೆ. ಮುಂದೆ 1980ರ ದಶಕದಲ್ಲಿ ಅದು ಇನ್ನಷ್ಟು ಅಗಲವಾಯಿತು, ಪ್ರತಿಮೆಗಳು ಬಂದವು. ನಮ್ಮ ಕೃಷ್ಣದೇವರಾಯನೂ ಅವುಗಳಲ್ಲಿದ್ದಾನೆ. ಬೆಳಗಿನ ನಾಲ್ಕಕ್ಕೆ ಇಡ್ಲಿ ಪಾತ್ರೆಯನ್ನು ಒಲೆಗೇರಿಸಿ, ರಾತ್ರಿ ಹನ್ನೊಂದಕ್ಕೆ ಮೇಜು ಒರೆಸಿ, ಐದಾರು ಮಂದಿ ಒಂದೇ ಕೋಣೆಯಲ್ಲಿ ಮಲಗುವ ನಮ್ಮ ಹುಡುಗರಲ್ಲಿ ಅನೇಕರು ಊರು ಸೇರಿ ವರ್ಷಗಳಾದರೂ ಆ ಏರಿಯನ್ನು ಬಸ್ಸಿನ ಕಿಟಕಿಯಿಂದ ಮಾತ್ರ ನೋಡಿರುತ್ತಾರೆ. ನಾಂಪಲ್ಲಿಯ ಬಾಗ್-ಎ-ಆಮ್ ಎಂಬುದಕ್ಕೆ ಅರ್ಥವೇ ಸರ್ವಜನರ ತೋಟವೆಂದು. ಊಟದ ಸರದಿ ಮುಗಿದು ಸಂಜೆಯ ತಿಂಡಿಗೆ ಮುಂಚೆ ದೊರೆಯುವ ಎರಡು ಗಂಟೆಯ ಬಿಡುವಿನಲ್ಲಿ ಅದರ ಮರದಡಿ ಕುಳಿತು ಬರುವುದು ಅಸಾಧ್ಯವಲ್ಲ. ಬಿಡುವು ಕೊಡಬೇಕಾದವರು ಯಜಮಾನರು. ಅವರಲ್ಲೂ ಈ ಪತ್ರಿಕೆಯನ್ನು ಓದುವವರಿದ್ದಾರೆ. ಹೈದರಾಬಾದಿನ ಹೆಮ್ಮೆಯಾಗಿದ್ದ ಅನಾಬ್-ಎ-ಶಾಹಿ ದ್ರಾಕ್ಷಿಯ ತೋಟಗಳು ಊರಂಚಿನಲ್ಲಿ ಮನೆಗಳಿಗೆ ಎಡೆಗೊಟ್ಟು ಬಹುತೇಕ ಮರೆಯಾಗಿವೆ. ರಾಜೇಂದ್ರನಗರದ ದ್ರಾಕ್ಷಿ ಸಂಶೋಧನಾ ಕೇಂದ್ರದಲ್ಲಿ ಬಳ್ಳಿಗಳು ಇನ್ನೂ ಇವೆ.

ಹೈದರಾಬಾದನ್ನು ಬಿಟ್ಟಮೇಲೆ ಮಿರ್ಜಾರವರು ಸಂಯುಕ್ತ ರಾಷ್ಟ್ರಸಂಘದ ಪರವಾಗಿ ಕೆಲಕಾಲ ಇಂಡೋನೇಷ್ಯದಲ್ಲಿ ಕೆಲಸ ಮಾಡಿದರು. 1954ರಲ್ಲಿ ತಮ್ಮ ಆತ್ಮಚರಿತ್ರೆಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಕೊನೆಯ ದಿನಗಳನ್ನು ಹುಟ್ಟಿದೂರಾದ ಬೆಂಗಳೂರಿನಲ್ಲಿ ಕಳೆದು, 1959ನೆಯ ಜನವರಿ 5ರಂದು, 75ನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು.