ಟೋಂಗಾದ ರಾಣಿ ಸಾಲೋಟೆ

ನಮ್ಮೂರಿನ ಒಂದು ಮದುವೆಯಲ್ಲಿ ಮೊದಲ ವೀಳ್ಯ ಯಾರ ಕೈಗೆ ಸಲ್ಲಬೇಕೆಂಬ ಮಾತಿಗೆ ಜಗಳ ಹತ್ತಿ, ಬೀಗರ ಕಡೆಯವರು ಉಣ್ಣದೆ ಎದ್ದುಹೋದುದನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಎರಡು ಎಲೆ, ಒಂದು ಅಡಕೆಗೆ ಇಷ್ಟೊಂದು ರಂಪವೇ ಎಂದು ಆಗ ನಗು ಬಂದಿತ್ತು. ಶಾಂತಸಾಗರದ ನಡುವಣ ಟೋಂಗಾ ದ್ವೀಪಗಳನ್ನಾಳಿದ ರಾಣಿ ಸಾಲೋಟೆಯ ಚರಿತ್ರೆಯನ್ನು ನಮ್ಮ ಕಾಲೇಜಿನ ಗ್ರಂಥಭಂಡಾರದಲ್ಲಿ ಓದಿದ ಮೇಲೆ ಆ ನಗು ಅಡಗಿತು.

ಟೋಂಗಾದಲ್ಲಿ ಕಾವಾ ಎಂಬ ಗಿಡವುಂಟು. ಅದು ನಮ್ಮ ವೀಳ್ಯದೆಲೆ, ಕರಿಮೆಣಸುಗಳ ಕುಲಕ್ಕೇ ಸೇರಿದ್ದು. ಅದರ ಬೇರನ್ನು ಕುಟ್ಟಿ, ದೊಡ್ಡ ಮರದ ಬೋಗುಣಿಯಲ್ಲಿ ನೀರಿನೊಡನೆ ಕಲಸಿ, ಮರದ ತೊಗಟೆಯ ನಾರಿನಿಂದ ಸೋಸಿ, ತೆಂಗಿನ ಚಿಪ್ಪಿನಲ್ಲಿ ಕುಡಿಯುತ್ತಾರೆ. ಹೆಂಡದಂತೆ ಕೂಗಾಡಿಸುವ ಪೇಯವಲ್ಲ. ನಾಲಗೆ ಜೋಮು ಹಿಡಿಯುತ್ತದೆ, ಮೈ ಸಡಿಲವಾಗುತ್ತದೆ, ಮಾತು ಮೆಲ್ಲಗಾಗುತ್ತದೆ. ಈ ಗಿಡದ ಹುಟ್ಟಿನ ಕಥೆ ಮಾತ್ರ ಘೋರವಾದುದು. ಕ್ಷಾಮಕಾಲದಲ್ಲಿ ಅರಸನೊಬ್ಬ ಒಂದು ಸಣ್ಣ ದ್ವೀಪಕ್ಕೆ ಬಂದನಂತೆ. ಅಲ್ಲಿದ್ದ ಬಡ ದಂಪತಿಗಳ ಬಳಿ ಬಡಿಸಲು ಏನೂ ಇಲ್ಲ. ಕುಷ್ಠರೋಗ ತಗುಲಿದ್ದ ತಮ್ಮ ಮಗಳನ್ನೇ ಕೊಂದು ನೆಲದೊಲೆಯಲ್ಲಿ ಬೇಯಲಿಟ್ಟರು. ಸಂಗತಿ ತಿಳಿದ ಅರಸ ಅದನ್ನು ಮುಟ್ಟಲಿಲ್ಲ. ಅವಳನ್ನು ಹೂಳಿದ ಜಾಗದಲ್ಲಿ ಎರಡು ಗಿಡ ಹುಟ್ಟಿದವು. ಒಂದು ಕಾವಾ, ಇನ್ನೊಂದು ಕಬ್ಬು. ದೊರೆಗಳು ಗಂಭೀರವಾಗಿ ಕುಳಿತು ಕುಡಿಯುವ ಪೇಯದ ಬುಡದಲ್ಲಿ ಒಬ್ಬ ಬಡವರ ಮಗಳಿದ್ದಾಳೆ. ಇದನ್ನು ಓದಿದ ದಿನ ನನಗೆ ಬೇರೆ ಪಾಠ ತಲೆಗೆ ಹತ್ತಲಿಲ್ಲ.

ಸಾಲೋಟೆ ಹುಟ್ಟಿದ್ದು 1900ರ ಮಾರ್ಚ್ 13ರಂದು. ಎರಡು ವರ್ಷ ತುಂಬಿದ ಸ್ವಲ್ಪ ದಿನಕ್ಕೇ ತಾಯಿ ಕ್ಷಯದಿಂದ ತೀರಿಕೊಂಡಳು. ತಂದೆ ಎರಡನೆಯ ಟುಪೋ ದೊರೆ 1909ರಲ್ಲಿ ಮತ್ತೆ ಮದುವೆಯಾಗಿ, ಅದೇ ವರ್ಷ ಮಗಳನ್ನು ಓದಲು ನ್ಯೂಜಿಲೆಂಡಿನ ಆಕ್ಲೆಂಡಿಗೆ ಕಳುಹಿಸಿದ. ಹೊಸ ರಾಣಿಗೆ ಗಂಡು ಮಗು ಹುಟ್ಟಿದ್ದರೆ ಈ ಹುಡುಗಿಯ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹುಟ್ಟಲಿಲ್ಲ. ಹದಿನೇಳನೆಯ ವಯಸ್ಸಿನಲ್ಲಿ ಅವಳನ್ನು ಟುಂಗಿ ಎಂಬ ಹಿರಿಯ ನಾಯಕನಿಗೆ ಕೊಟ್ಟರು. ಅವನು ಮತ್ತೊಂದು ಪ್ರಾಚೀನ ರಾಜವಂಶದ ಕುಡಿ. ಬಹುಕಾಲ ಬೇರೆಬೇರೆಯಾಗಿ ಹರಿದಿದ್ದ ವಂಶಗಳು ಈ ಮದುವೆಯಿಂದ ಕೂಡಿದವು. 1918ರ ಏಪ್ರಿಲಿನಲ್ಲಿ ತಂದೆ ತೀರಿಕೊಂಡ. ಜುಲೈನಲ್ಲಿ ಗಂಡು ಮಗುವಾಯಿತು. ಅಕ್ಟೋಬರಿನಲ್ಲಿ ಪಟ್ಟ.

ಕಿರೀಟ ತೊಡಿಸುವ ಪದ್ಧತಿ ಯೂರೋಪಿನಿಂದ ಬಂದದ್ದು. ಅವಳನ್ನು ಟೋಂಗಾದ ಒಡತಿಯನ್ನಾಗಿಸಿದ್ದು ಕಾವಾದ ಒಡ್ಡೋಲಗ. ಬಯಲಿನಲ್ಲಿ ನಾಯಕರು ವೃತ್ತಾಕಾರವಾಗಿ ನೆಲದ ಮೇಲೆ ಕೂಡುತ್ತಾರೆ. ಯಾರು ಎಲ್ಲಿ ಎಂಬುದು ವಂಶದಿಂದ, ಪದವಿಯಿಂದ ನಿಶ್ಚಿತವಾದುದು. ತಲೆಯ ಸ್ಥಾನದಲ್ಲಿ ಅರಸು, ಇಕ್ಕೆಲಗಳಲ್ಲಿ ಮಟಾಪುಲೆ ಎಂಬ ವಾಗ್ಮಿಗಳು, ಬಹುದೂರ ಎದುರಿಗೆ ಬೋಗುಣಿ. ಅರಸು ಮಾತನಾಡುವುದಿಲ್ಲ, ಮಟಾಪುಲೆಯೇ ಅಪ್ಪಣೆ ಕೊಡುತ್ತಾನೆ. ಚಿಪ್ಪು ತುಂಬಿದಾಗ ಕುಡಿಯಬೇಕಾದವನ ಪದವಿಯ ಹೆಸರನ್ನು ಕೂಗುತ್ತಾರೆ, ಅವನು ಚಪ್ಪಾಳೆ ತಟ್ಟಿ ತಾನಿರುವ ಸ್ಥಳವನ್ನು ತಿಳಿಸುತ್ತಾನೆ. ಮನುಷ್ಯರು ಸಾಯುತ್ತಾರೆ, ಪದವಿಯ ಹೆಸರು ಸಾಯುವುದಿಲ್ಲ. ಆ ಹೆಸರಿನಲ್ಲಿ ಚಿಪ್ಪನ್ನು ಸ್ವೀಕರಿಸಿದವನೇ ಆ ಪದವಿಗೆ ಒಡೆಯ. ಅಂಥ ವೃತ್ತದ ತಲೆಯಲ್ಲಿ, ಗಡ್ಡ ನರೆತ ನಾಯಕರ ನಡುವೆ, ಹದಿನೆಂಟರ ಬಾಣಂತಿ ಕುಳಿತಳು. ಇಂದಿನ ನನಗಿಂತ ಎರಡು ವರ್ಷ ಚಿಕ್ಕವಳು! ನಮ್ಮ ಪ್ರಿನ್ಸಿಪಾಲರ ಕೋಣೆಗೆ ಹೋಗಲು ನನಗೆ ಈಗಲೂ ಕಾಲು ನಡುಗುತ್ತದೆ.

ಮುಂದಿನ ತಿಂಗಳೇ ಇನ್‌ಫ್ಲುಯೆಂಜಾ ಮಾರಿ ಹಡಗಿನಲ್ಲಿ ಬಂದು ನೂರಕ್ಕೆ ಸುಮಾರು ಎಂಟು ಮಂದಿಯನ್ನು ಕೊಂದುಹಾಕಿತು. ಬಹು ಮಂದಿ ನಾಯಕರಿಗೆ ಅವಳ ಮೇಲೆ ನಂಬಿಕೆಯೂ ಇರಲಿಲ್ಲ. ಆಕೆ ಹಿಡಿದ ದಾರಿ ವಿಚಿತ್ರವಾದುದು. ವಂಶಾವಳಿಗಳನ್ನು ಕಲಿತಳು. ಯಾವ ಮನೆತನ ಯಾವ ಮನೆತನಕ್ಕೆ ಅಣ್ಣ, ಯಾವುದು ತಂಗಿ, ವೃತ್ತದಲ್ಲಿ ಯಾರ ಸ್ಥಾನ ಏಕೆ ಅಲ್ಲಿದೆ ಎಂಬುದೆಲ್ಲ ಕ್ರಮೇಣ ಅವಳ ನಾಲಗೆಯ ತುದಿಗೆ ಬಂದಿತು. ನಾಯಕರ ಮನೆತನಗಳ ಮಾತು ಬಂದರೆ ಅವಳೆದುರು ವಾದಿಸುವುದು ಸುಲಭವಿರಲಿಲ್ಲ. 1923ರಿಂದ ಪ್ರಧಾನಿಯಾಗಿದ್ದ ಗಂಡ 1941ರಲ್ಲಿ ಗತಿಸಿದ. ಅದಕ್ಕೂ ಮೊದಲು, 1936ರಲ್ಲಿ, ಎರಡನೆಯ ಮಗ ಹೋಗಿದ್ದ. ಆಕೆ ಹಾಡು ಕಟ್ಟಿದಳು, ಲಕಲಕ ಎಂಬ ಸಮೂಹ ನೃತ್ಯಕ್ಕೆ ಪದ ಬರೆದಳು. ಹಿರಿಯ ಮಗನನ್ನು ಸಿಡ್ನಿ ವಿಶ್ವವಿದ್ಯಾನಿಲಯದಲ್ಲಿ ಓದಿಸಿದಳು. ಟೋಂಗಾದವರಲ್ಲಿ ಮೊತ್ತಮೊದಲು ಪದವೀಧರನಾದವನು ಅವನೇ.

1953ರ ಜೂನ್ 2ರಂದು ಲಂಡನ್ನಿನಲ್ಲಿ ಎಲಿಜಬೆತ್ ರಾಣಿಯ ಪಟ್ಟಾಭಿಷೇಕದ ಮೆರವಣಿಗೆ ನಡೆದಾಗ ಮಳೆ ಸುರಿಯಿತು. ಉಳಿದವರು ಗಾಡಿಯ ಮುಸುಕೆಳೆದುಕೊಂಡರು. ಆರಡಿ ಮೀರಿದ ಸಾಲೋಟೆ ತೆರೆದ ಗಾಡಿಯಲ್ಲೇ ತೊಯ್ದು ನಗುತ್ತ ಹೋಗಿ ಜನರ ಮನಗೆದ್ದಳು. ಲೋಕಕ್ಕೆ ಅವಳು ಪರಿಚಿತಳಾದದ್ದು ಹಾಗೆ. ನನಗೆ ಅದಕ್ಕಿಂತ ದೊಡ್ಡದೆನಿಸುವುದು 1958ರಿಂದ 1960ರವರೆಗೆ ನಡೆದ ಕೆಲಸ. ಎಲಿಜಬೆತ್ ಬಾಟ್ ಎಂಬ ವಿದುಷಿಯನ್ನು ಎದುರಿಗೆ ಕೂಡಿಸಿಕೊಂಡು ಕಾವಾ ವೃತ್ತದ ಒಳಗುಟ್ಟುಗಳನ್ನೆಲ್ಲ ರಾಣಿ ಬಿಡಿಸಿ ಹೇಳಿದಳು. ಆ ಸಂಭಾಷಣೆಗಳ ಫಲ 1982ರಲ್ಲಿ ಪುಸ್ತಕವಾಗಿ ಬಂದಿತು. ಆಗ ಆಕೆ ಇರಲಿಲ್ಲ. ನಾಲ್ವತ್ತೇಳು ವರ್ಷ ಆಳಿ 1965ರ ಡಿಸೆಂಬರ್ 16ರಂದು, ಬಾಲ್ಯದಲ್ಲಿ ಓದಿದ ಆಕ್ಲೆಂಡಿನಲ್ಲೇ ಕಣ್ಣು ಮುಚ್ಚಿದ್ದಳು. 2015ರಲ್ಲಿ ಅವಳ ಮೊಮ್ಮಗ ಆರನೆಯ ಟುಪೋವಿಗೆ ಪಟ್ಟಾಭಿಷೇಕವಾದಾಗಲೂ ಅದೇ ಕಾವಾ ವೃತ್ತ ಕೂಡಿತು.

ಆಕೆಯನ್ನು ನಾನು ಮೆಚ್ಚಿದ್ದೇನೆ, ಆದರೂ ಒಂದು ಮುಳ್ಳು ಉಳಿದಿದೆ. ಎಲ್ಲರಿಗೂ ಒಂದು ಸ್ಥಾನ ಕೊಡುವ ವ್ಯವಸ್ಥೆ, ಆ ಸ್ಥಾನದಿಂದ ಏಳಗೊಡುವುದೂ ಇಲ್ಲ. ಟೋಂಗಾದಲ್ಲಿ 1862ರಲ್ಲೇ ಜೀತವನ್ನು ತೆಗೆದುಹಾಕಿದ್ದರು; ಆದರೂ ಅರಸಿನ ವೃತ್ತದೊಳಗೆ ಸಾಮಾನ್ಯರಿಗೆ ಜಾಗವಿಲ್ಲ. ದಸರೆ ರಜೆಯಲ್ಲಿ ಊರಿಗೆ ಹೋದಾಗ ಈ ಕಥೆಯನ್ನು ಅಪ್ಪನಿಗೆ ಹೇಳಿದೆ. ಅವರಿಗೆ ಓದು ಬಾರದು. ಊರ ಪಂಕ್ತಿಗಳಲ್ಲಿ ಎಷ್ಟೋ ಸಲ ಕಡೆಯ ಸಾಲಿಗೂ ಆಚೆ ಕುಳಿತು ಉಂಡವರು. ರಾಣಿಯ ಮಾತನ್ನೆಲ್ಲ ಸುಮ್ಮನೆ ಕೇಳಿ, ಆ ಬೇರನ್ನು ಕುಟ್ಟಿ ಕಲಸುವವರು ಯಾರೆಂದು ವಿಚಾರಿಸಿದರು. ಬೋಗುಣಿಯ ಹಿಂದೆ ಕೂಡುವ ಜನವೆಂದು ಹೇಳಿದೆ. ಅವರ ಹೆಸರನ್ನೂ ಕೂಗುತ್ತಾರೆಯೇ ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ದನಗಳಿಗೆ ನೀರು ಕುಡಿಸಲು ಎದ್ದುಹೋದರು.